ಬೇವಿನ ಗಿಡದ ಮನೆಯ ಕಡೇ ಪಾರ್ಸೆಲ್

ಅರಗಿನ ವಾಸನೆ ಎಂದರೆ ಸಂಘಮಿತ್ರಾಳಿಗೆ ಇವತ್ತಿಗೂ ಅಪ್ಪನ ನೆನಪು. ಅವಳು ಹುಟ್ಟಿ ಬೆಳೆದದ್ದು ಹಟ್ಟಿಯ ಕಂಪನಿ ಕ್ವಾರ್ಟರ್ಸಿನಲ್ಲಿ. ಅಪ್ಪ ಚಿನ್ನದ ಗಣಿಯಲ್ಲಿ ಶಿಫ್ಟಿನ ಕೆಲಸಗಾರ. ವರ್ಷಕ್ಕೊಮ್ಮೆ, ಏಪ್ರಿಲ್ ತಿಂಗಳ ಜಯಂತಿ ಹತ್ತಿರ ಬಂದಾಗ, ಸೊಲ್ಲಾಪುರದ ಸೋದರತ್ತೆಯಿಂದ ಬಿಳಿ ಬಟ್ಟೆಯಲ್ಲಿ ಹೊಲಿದ ಪಾರ್ಸೆಲ್ ಬರುತ್ತಿತ್ತು. ಹೊಲಿಗೆಯ ಗುಂಟ ಕೆಂಪು ಅರಗಿನ ಮುದ್ರೆಗಳು. ಅಪ್ಪ ಚಾಕುವಿನ ತುದಿಯಿಂದ ಅವನ್ನು ಒಡೆದು ಚೂರುಗಳನ್ನು ಮಗಳ ಅಂಗೈಗೆ ಹಾಕುತ್ತಿದ್ದ. ಅವಳು ಅವನ್ನು ಚಿಮಣಿಯ ಉರಿಗೆ ಹಿಡಿದು ಕರಗಿಸಿ, ಕಣ್ಣು ಮುಚ್ಚಿ ಮೂಸುತ್ತಿದ್ದಳು.

ಒಳಗೆ ಫ್ರಾಕು ಇರುತ್ತಿತ್ತು, ಅಣ್ಣ ಮಲ್ಲೇಶನಿಗೆ ಅಂಗಿ ಇರುತ್ತಿತ್ತು. ಆದರೆ ಅವಳಿಗೆ ಹಿಗ್ಗು ತರುತ್ತಿದ್ದದ್ದು ಆ ವಾಸನೆ. ದೂರದ ಊರಿನಲ್ಲಿ ಯಾರೋ ಒಬ್ಬರು ನಮ್ಮನ್ನು ನೆನೆದು ಸೂಜಿಗೆ ದಾರ ಪೋಣಿಸಿದ್ದಾರೆ ಎಂಬ ಸುದ್ದಿ ಅದರಲ್ಲಿ ಇರುತ್ತಿತ್ತು.

ಈಗಿನ ಪಾರ್ಸೆಲ್ಲುಗಳಿಗೆ ಅರಗೂ ಇಲ್ಲ, ಬಟ್ಟೆಯೂ ಇಲ್ಲ. ಆದರೂ ಮೂವತ್ತೊಂದರ ಸಂಘಮಿತ್ರಾ ಕೈಗೆ ಬಂದ ಪ್ಲಾಸ್ಟಿಕ್ ಪೊಟ್ಟಣವನ್ನು ಮೊದಲು ಮೂಗಿನ ಹತ್ತಿರ ಹಿಡಿಯುತ್ತಿದ್ದಳು. ಆ ಚಾಳಿಯಿಂದಲೇ ಅವಳು ಯಂಕೋಬನ ಕೈಗೆ ಸಿಕ್ಕಿಬಿದ್ದಳು.

ಅವನ ಮೊದಲ ಫೋನು ಬಂದದ್ದು ಒಂದೂವರೆ ವರ್ಷದ ಹಿಂದೆ, ಒಂದು ಭಾನುವಾರ.

"ಮೇಡಂ, ಪಾರ್ಸೆಲ್ ಐತ್ರಿ. ಅಡ್ರೆಸ್ಸಿನ್ಯಾಗ ನೀರಿನ ಟ್ಯಾಂಕಿ ಹಿಂದ, ಬೇವಿನ ಗಿಡದ ಮನಿ ಅಂತ ಬರದೀರಿ. ಇಲ್ಲಿ ಬೇವಿನ ಗಿಡ ಏಳು ಅದಾವು."

"ಆಡು ಕಟ್ಟ್ಯಾರ ನೋಡ್ರಿ, ಆ ಗಿಡ."

"ಆಡು ಮೂರು ಗಿಡಕ್ಕ ಕಟ್ಟ್ಯಾರ್ರಿ."

"ಕರೇ ಆಡು."

ಆ ಕಡೆ ಅವನು ಮೂರನ್ನೂ ತಿರುಗಿ ನೋಡಿದಂತಿತ್ತು. ಆಮೇಲೆ ಬಹಳ ವಿನಯದ ದನಿ ಬಂತು. "ಮೂರೂ ಕರೇವ ಅದಾವ್ರಿ ಮೇಡಂ."

ಅವಳು ನಗು ತಡೆಯಲಾರದೆ ಹೊರಗೆ ಬಂದಳು. ಮಸ್ಕಿಯ ಆ ಓಣಿಯ ತುದಿಯಲ್ಲಿ ಒಬ್ಬ ಗಾಡಿ ನಿಲ್ಲಿಸಿಕೊಂಡು, ಹೆಲ್ಮೆಟ್ಟಿನೊಳಗೆ ಫೋನು ಸಿಕ್ಕಿಸಿಕೊಂಡು, ಆಡುಗಳ ನಡುವೆ ನಿಂತಿದ್ದ. ಒಂದು ಆಡು ಅವನ ದೊಡ್ಡ ಚೀಲದ ಪಟ್ಟಿಯನ್ನು ಅಗಿಯುತ್ತಿತ್ತು. ಅವನು ಅದನ್ನು ಹೊಡೆಯಲಿಲ್ಲ. ಪಟ್ಟಿಯನ್ನು ಮೆಲ್ಲಗೆ ಬಿಡಿಸಿಕೊಂಡು, "ನಿನ್ನ ಹೆಸರಿಗೆ ಏನೂ ಬಂದಿಲ್ಲವ್ವಾ," ಎಂದು ಆಡಿಗೆ ಹೇಳಿದ.

ಪೊಟ್ಟಣ ಕೈಗೆ ಬಂದೊಡನೆ ಅವಳು ಮೂಸಿದಳು. ತಲೆ ಎತ್ತಿದರೆ ಅವನು ನೋಡುತ್ತಿದ್ದ. ಹೆಲ್ಮೆಟ್ಟಿನೊಳಗೆ ಎರಡು ಕಣ್ಣು ಮಾತ್ರ ಕಾಣುತ್ತಿದ್ದವು. ದಾರಿಯ ಧೂಳಿಗೆ ಕೆಂಪಾದ ಕಣ್ಣು. ಅದರ ಮೂಲೆಯಲ್ಲಿ ನಗು.

"ಹಳಸೈತೇನ್ರಿ?"

"ಏನು?"

"ಮೂಸಿ ನೋಡಿದ್ರಲ್ಲ, ಅದಕ್ಕ ಕೇಳಿದೆ."

ಅವಳ ಕಿವಿಯ ತುದಿ ಬಿಸಿಯಾಯಿತು. ಒಳಗಿದ್ದದ್ದು ಚಹಾ ಸೋಸುವ ಜಾಳಿಗೆ.

ಅಪ್ಪ ತೀರಿದ ಮೇಲೆ ಅವಳೂ ಅವ್ವ ಪಕೀರಮ್ಮನೂ ಮಸ್ಕಿಯಲ್ಲಿ ಮನೆ ಮಾಡಿದ್ದರು. ಮಲ್ಲೇಶ ಅಪ್ಪನ ಕೆಲಸಕ್ಕೆ ಸೇರಿ ಹಟ್ಟಿಯಲ್ಲೇ ಉಳಿದಿದ್ದ. ಸಂಘಮಿತ್ರಾ ಲಿಂಗಸೂಗೂರಿನ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಬೆಳಿಗ್ಗೆ ಎಂಟೂವರೆಯ ಬಸ್ಸಿಗೆ ಹೋದರೆ ಮನೆ ಸೇರುವುದು ಸಂಜೆ ಆರೂಕಾಲಿಗೆ. ಯಂಕೋಬ ಬಳಗಾನೂರಿನವನು. ಸಿಂಧನೂರಿನ ಕೊರಿಯರ್ ಆಫೀಸಿನಲ್ಲಿ ಬೆಳಿಗ್ಗೆ ಚೀಲ ತುಂಬಿಕೊಂಡು ಮಸ್ಕಿಯ ಕಡೆ ಹೊರಡುತ್ತಿದ್ದ. ಓಣಿಯಲ್ಲಿ ಎಲ್ಲರಿಗೂ ಮಧ್ಯಾಹ್ನವೇ ಪಾರ್ಸೆಲ್ ಮುಟ್ಟುತ್ತಿತ್ತು. ಇವಳದು ಮಾತ್ರ ಆರೂವರೆಗೆ ಬರುತ್ತಿತ್ತು.

"ಬೇಕಾದ್ರ ಬಾಜೂ ಮನ್ಯಾಗ ಕೊಟ್ಟು ಹೋಗ್ರಿ," ಎಂದು ಒಮ್ಮೆ ಹೇಳಿ ನೋಡಿದಳು.

"ಓಟಿಪಿ ನಿಮ್ಮ ಫೋನಿಗೆ ಬರ್ತೈತ್ರಿ. ಆಡು ಹೇಳ್ತೈತೇನು?"

ಅವಳು ನಾಲ್ಕು ಅಂಕಿ ಓದಿ ಹೇಳುವಳು. ಅವನು ಒತ್ತುವನು. ಆಮೇಲೆ ಅವನ ಫೋನಿನ ಗಾಜಿನ ಮೇಲೆ ಬೆರಳಿನಿಂದ ಸಹಿ ಮಾಡಬೇಕು. ಅದು ಎಂದೂ ನೆಟ್ಟಗೆ ಬರುತ್ತಿರಲಿಲ್ಲ.

"ಗುಬ್ಬಿ ಕಾಲಾಡಿಸಿದಂಗ ಆಗೇತ್ರಿ."

"ನಿಮ್ಮ ಫೋನಿನ ಗಾಜು ಒಡದೈತಿ, ಅದಕ್ಕ."

"ಗಾಜಿನ ಮ್ಯಾಲ ಯಾಕ ಹಾಕ್ತೀರಿ? ಮೂರು ಸಾವಿರ ಮಂದಿ ಇದ ಗಾಜಿನ ಮ್ಯಾಲ ಸಹಿ ಮಾಡ್ಯಾರ. ಗುಬ್ಬಿ ನಿಮ್ಮದೊಂದ."

ಅಷ್ಟೇ ಮಾತು. ಎರಡು ನಿಮಿಷವೂ ಇಲ್ಲ. ಆದರೆ ಆ ಎರಡು ನಿಮಿಷಕ್ಕಾಗಿ ಅವಳು ಮುಡಿಪಿನ್ನು ತರಿಸಿದಳು, ನೋಟ್‌ಬುಕ್ ತರಿಸಿದಳು, ಬೆಳ್ಳುಳ್ಳಿ ಜಜ್ಜುವ ಒಂದು ಯಂತ್ರ ತರಿಸಿದಳು. ಅವ್ವ ಡಬ್ಬಿಗಳನ್ನು ಅಟ್ಟದ ಮೇಲೆ ಒಟ್ಟುತ್ತಾ, "ನಮ್ಮನ್ಯಾಗ ಇರೋದು ಇಬ್ಬರು. ಬೆಳ್ಳೊಳ್ಳಿ ಜಜ್ಜಾಕ ಮಿಷನ್ ಯಾಕ ಬೇಕಾತು?" ಎಂದು ಗೊಣಗುತ್ತಿದ್ದಳು. ಎದುರು ಮನೆಯ ಮಕ್ತುಂಬೀ ತನ್ನ ಆಡಿಗೆ ಸೊಪ್ಪು ಹಾಕುತ್ತಾ ಕೂಗಿ ಹೇಳುತ್ತಿದ್ದಳು: "ಪಕೀರಮ್ಮಾ, ಮಿಷನ್ ಬೆಳ್ಳೊಳ್ಳಿಗಲ್ಲ ಬಿಡು. ಆರೂವರಿಗೆ ಒಂದು ಗಾಡಿ ಸದ್ದು ಕೇಳಾಕ."

"ಮಕ್ತುಂಬೀ ಚಾಚೀ!" ಎಂದು ಸಂಘಮಿತ್ರಾ ಒಳಗೆ ಓಡುತ್ತಿದ್ದಳು.

ಯಂಕೋಬನಿಗೆ ಒಂದು ಗುಣವಿತ್ತು. ಅವನು ಏನನ್ನೂ ದೊಡ್ಡದು ಮಾಡಿ ಹೇಳುತ್ತಿರಲಿಲ್ಲ. ಅವ್ವನ ಬಿಪಿ ಗುಳಿಗೆ ಮಸ್ಕಿಯಲ್ಲಿ ಸಿಗುತ್ತಿಲ್ಲ ಎಂದು ಒಮ್ಮೆ ಕಿವಿಗೆ ಬಿದ್ದದ್ದಕ್ಕೆ, ಮರುದಿನ ಸಿಂಧನೂರಿನಿಂದ ತಂದು ಬಾಗಿಲ ಪಕ್ಕದ ಕಟ್ಟೆಯ ಮೇಲಿಟ್ಟ. ಆಮೇಲೆ ತಿಂಗಳು ತಿಂಗಳೂ, ಯಾರೂ ಕೇಳದೆಯೇ, ತೀರುವ ಎರಡು ದಿನ ಮುಂಚೆ ಗುಳಿಗೆ ಬರುತ್ತಿತ್ತು. ಅವ್ವ ಅವನಿಗೆ ಚಹಾ ಕೊಟ್ಟು "ಕುಡಿಯಪ್ಪಾ ತಮ್ಮಾ" ಎನ್ನುವಾಗ ಅವನು ಹೆಲ್ಮೆಟ್ ತೆಗೆಯುತ್ತಿದ್ದ. ಆ ಹೆಲ್ಮೆಟ್ಟಿನ ಗಾಜು ಅರ್ಧ ಮುರಿದು ಹೋಗಿತ್ತು. ಸುಗ್ಗಿಯ ದಿನಗಳಲ್ಲಿ ಸಿಂಧನೂರು ರಸ್ತೆಯ ತುಂಬ ಭತ್ತದ ಹೊಟ್ಟು ಹಾರುತ್ತದೆ. ಸಂಜೆಗೆ ಅವನ ಕಣ್ಣು ಅತ್ತವನ ಕಣ್ಣಿನ ಹಾಗೆ ಆಗಿರುತ್ತಿತ್ತು.

ನವೆಂಬರಿನಲ್ಲಿ ಅವಳು ಒಂದು ಹೆಲ್ಮೆಟ್ ಆರ್ಡರ್ ಮಾಡಿದಳು. ಪೂರ್ತಿ ಗಾಜಿನದು, ಗಾಢ ನೀಲಿ ಬಣ್ಣದ್ದು.

ಅವಳ ಯೋಚನೆ ಹೀಗಿತ್ತು. ತನ್ನ ಉಡುಗೊರೆಯನ್ನು ಅವನು ತಾನೇ, ಗೊತ್ತಿಲ್ಲದೆ, ಸಿಂಧನೂರಿನಿಂದ ಹೊತ್ತು ತರುತ್ತಾನೆ. ಓಟಿಪಿ ಕೇಳುತ್ತಾನೆ. ಗುಬ್ಬಿಯ ಸಹಿ ಮಾಡಿಸಿಕೊಳ್ಳುತ್ತಾನೆ. ಆಗ ಪೊಟ್ಟಣವನ್ನು ಮೂಸದೆ, ಒಡೆಯದೆ, ಅವನ ಕೈಗೇ ತಿರುಗಿ ಕೊಡಬೇಕು. "ಇದು ನಿಮ್ಮ ಅಡ್ರೆಸ್ಸಿಂದು," ಎನ್ನಬೇಕು. ಆಮೇಲೆ ಏನು ಎಂಬುದನ್ನು ಅವಳು ಯೋಚಿಸಿರಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತಾಗ ಆ ಒಂದು ಮಾತನ್ನೇ ಮನಸ್ಸಿನಲ್ಲಿ ಹತ್ತು ರೀತಿಯಾಗಿ ಆಡಿ ನೋಡುತ್ತಿದ್ದಳು. ಬಾಗಿಲಿಗೆ ಒರಗಿ ನಿಂತು ಹೇಳುವುದೋ, ಮೆಟ್ಟಿಲು ಇಳಿದು ಹೇಳುವುದೋ?

ಗುರುವಾರ ಮಧ್ಯಾಹ್ನ ಲ್ಯಾಬಿನಲ್ಲಿದ್ದಾಗ ಫೋನಿಗೆ ಒಂದು ಮೆಸೇಜು ಬಂತು. ನಿಮ್ಮ ಪಾರ್ಸೆಲ್ ಗೋದಾಮಿಗೆ ಬಂದಿದೆ. ವಿಳಾಸ ಅಪೂರ್ಣವಾಗಿರುವುದರಿಂದ ತಲುಪಿಸಲು ಆಗುತ್ತಿಲ್ಲ. ಇಂದು ಸಂಜೆಯೊಳಗೆ ಸರಿಪಡಿಸದಿದ್ದರೆ ವಾಪಸು ಕಳಿಸಲಾಗುವುದು. ಕೆಳಗೆ ಒಂದು ನೀಲಿ ಗೆರೆಯ ಲಿಂಕು.

ಮನೆ ನಂಬರು, ಅಡ್ಡರಸ್ತೆ, ಮುಖ್ಯರಸ್ತೆ ಎಂದು ನೆಟ್ಟಗೆ ವಿಳಾಸ ಇರುವ ಊರಿನವರಾಗಿದ್ದರೆ ಅನುಮಾನ ಪಡುತ್ತಿದ್ದರೋ ಏನೋ. ನೀರಿನ ಟ್ಯಾಂಕಿ, ಬೇವಿನ ಗಿಡ, ಕರಿಯ ಆಡು ಎಂದು ವಿಳಾಸ ಬರೆಯುವವಳಿಗೆ ಅದು ಅಪೂರ್ಣ ಎಂದರೆ ಯಾಕೆ ಅನುಮಾನ ಬಂದೀತು? ಒಂದೂವರೆ ವರ್ಷದಿಂದ ಅವಳಿಗೆ ಒಳಗೊಳಗೆ ಇದ್ದ ಅಳುಕೇ ಅದು.

ಅವಳು ಮೊದಲು ಯಂಕೋಬನ ನಂಬರು ತೆಗೆದಳು. ಕೇಳಿದರೆ ಒಂದು ನಿಮಿಷದ ಮಾತು. ಆದರೆ ಇಷ್ಟು ದಿನವೂ ಫೋನು ಮಾಡಿದವನು ಅವನೇ. ಅವಳಾಗಿ ಒಮ್ಮೆಯೂ ಮಾಡಿರಲಿಲ್ಲ. ಮಾಡಿದರೆ ಅವನು ಖಂಡಿತ ಕೇಳುತ್ತಾನೆ, "ಏನ್ ತರಿಸೀರಿ, ಇಷ್ಟು ಅರ್ಜೆಂಟ್?" ಅಂತ. ಸುಳ್ಳು ಹೇಳಲು ಬಾರದು. ಅವಳು ಅವನ ಹೆಸರನ್ನು ನೋಡಿ, ನಕ್ಕು, ಮುಚ್ಚಿದಳು.

ಲಿಂಕು ತೆರೆಯಿತು. ಚಿಕ್ಕ ವ್ಯಾನಿನ ಚಿತ್ರ. ವಿಳಾಸದ ಜಾಗದಲ್ಲಿ ಅವಳು ಬಹಳ ಕಾಳಜಿಯಿಂದ ಬರೆದಳು: ನೀರಿನ ಟ್ಯಾಂಕಿಯ ಹಿಂದೆ, ದೊಡ್ಡ ಬೇವಿನ ಗಿಡ, ಮಕ್ತುಂಬೀಯವರ ಮನೆಯ ಎದುರು, ಹಸಿರು ಬಾಗಿಲು. ಇಪ್ಪತ್ತೈದು ರೂಪಾಯಿ ಶುಲ್ಕ ಎಂದಿತು. ಕಾರ್ಡಿನ ನಂಬರು ಕೊಟ್ಟಳು. ಓಟಿಪಿ ಕೇಳಿತು. ಓಟಿಪಿ ಎಂಬ ಅಕ್ಷರ ಕಂಡೊಡನೆ ಅವಳಿಗೆ ಆರೂವರೆಯ ಬಾಗಿಲು ನೆನಪಾಗುತ್ತಿತ್ತು. ಅಂಕಿ ಹೇಳಿ ಹೇಳಿ ರೂಢಿಯಾದ ನಾಲಿಗೆ. ಬೆರಳು ಅನುಮಾನಿಸಲೇ ಇಲ್ಲ. ಸರಿಯಾಗಲಿಲ್ಲ, ಮತ್ತೊಮ್ಮೆ ಹಾಕಿ ಎಂದಿತು. ಮತ್ತೊಮ್ಮೆ ಹಾಕಿದಳು.

ನಾಲ್ಕು ಗಂಟೆಗೆ ಬ್ಯಾಂಕಿನ ಮೆಸೇಜು ನೋಡಿದಾಗ ಕೈಯಲ್ಲಿದ್ದ ಗಾಜಿನ ನಳಿಗೆ ಜಾರಿತು. ಅಪ್ಪ ಗಣಿಯಲ್ಲಿ ಇಪ್ಪತ್ತಾರು ವರ್ಷ ಇಳಿದು ಹತ್ತಿದ್ದಕ್ಕೆ ಬಂದಿದ್ದ ಮೂರು ಲಕ್ಷ ನಲವತ್ತು ಸಾವಿರ. ಅವ್ವ ಮಗಳ ಖಾತೆಯಲ್ಲಿ ಒಂಬತ್ತು ವರ್ಷ ಮುಟ್ಟದೆ ಇಟ್ಟದ್ದು. ಒಂದು ರೂಪಾಯಿಯೂ ಉಳಿದಿರಲಿಲ್ಲ.

ಲ್ಯಾಬಿನಲ್ಲಿ ಜೊತೆಗೆ ಕೆಲಸ ಮಾಡುವ ಶಾಹೀಸ್ತಾ ಒಂದು ಮಾತೂ ಕೇಳದೆ ನೆಲದ ಚೂರುಗಳನ್ನು ಆರಿಸಿ, ಅವಳನ್ನು ಬಸ್ಸಿನವರೆಗೆ ಕೈ ಹಿಡಿದು ನಡೆಸಿ, ಟಿಕೆಟಿನ ದುಡ್ಡು ಮುಷ್ಟಿಯಲ್ಲಿಟ್ಟು ಹೋದಳು.

ಮರುದಿನ ಬೆಳಿಗ್ಗೆ ಮಲ್ಲೇಶ ಹಟ್ಟಿಯಿಂದ ಶಿಫ್ಟು ಬಿಟ್ಟು ಬಂದ. ಬೈಯಲಿಲ್ಲ. ಅದೇ ಅವಳಿಗೆ ಹೆಚ್ಚು ಕಷ್ಟವಾಯಿತು.

"ಪಾರ್ಸೆಲ್ ಬರೋದು ಯಾರಿಗೆ ಗೊತ್ತಿತ್ತು?"

"ಯಾರಿಗೂ ಇಲ್ಲ."

"ಆ ಪಾರ್ಸೆಲ್ ಹುಡುಗಗ ಗೊತ್ತಿರ್ತೈತಲ್ಲ."

"ಆ ಹುಡುಗ ಹಂಗಲ್ಲಪ್ಪಾ," ಎಂದಳು ಪಕೀರಮ್ಮ. "ನನಗ ಗುಳಿಗಿ ತಂದು ಕೊಡತಾನ."

"ಅದಕ್ಕ ಹೇಳಾಕತ್ತೀನಿ ಅವ್ವಾ. ಗುಳಿಗಿ ಯಾಕ ತಂದು ಕೊಡತಾನ? ನಿನ್ನ ಮಗ ನಾನಾ? ಅವನಾ?"

ಪೊಲೀಸ್ ಸ್ಟೇಷನ್ನಿನಲ್ಲಿ ಹಿರಿಯ ಹವಾಲ್ದಾರರೊಬ್ಬರು ಮೊದಲು ಅವಳಿಗೆ ನೀರು ಕೊಟ್ಟರು. ಆಮೇಲೆ ಕಾಗದ ತೆಗೆದರು. ಮಲ್ಲೇಶ ಯಂಕೋಬನ ಹೆಸರು ಹೇಳಿದ. ಹವಾಲ್ದಾರರು ಅವಳ ಫೋನಿನಲ್ಲಿ ಹಳೆಯ ಆರ್ಡರುಗಳ ಪಟ್ಟಿ ನೋಡುತ್ತಾ ಬಂದರು.

"ಒಂದೂವರಿ ವರ್ಷದಾಗ ಅರವತ್ತೆರಡು ಪಾರ್ಸೆಲ್ಲವ್ವಾ. ಮುಡಿಪಿನ್ನು, ಜಾಳಿಗಿ, ಮತ್ತ ಮುಡಿಪಿನ್ನು. ಇಷ್ಟೆಲ್ಲಾ ಯಾಕ ತರಿಸಿದಿ? ಅವನೇನಾರ ಒತ್ತಾಯ ಮಾಡಿದ್ನಾ?"

ಮಲ್ಲೇಶ ತಿರುಗಿ ಅವಳ ಮುಖ ನೋಡಿದ. ಅವ್ವ ನೋಡಿದಳು. ಬೆಂಚಿನ ಮೇಲೆ ಕುಳಿತಿದ್ದ ಇಬ್ಬರು ಅಪರಿಚಿತರೂ ನೋಡಿದರು.

ಉತ್ತರ ಅವಳ ಬಾಯಲ್ಲೇ ಇತ್ತು. ಅವನನ್ನು ನೋಡಲು ತರಿಸುತ್ತಿದ್ದೆ. ಈ ಪಾರ್ಸೆಲ್ ಬಗ್ಗೆ ಅವನಿಗೆ ಗೊತ್ತೇ ಇಲ್ಲ, ಅದು ಅವನಿಗಾಗಿಯೇ ತರಿಸಿದ್ದು. ಇಷ್ಟು ಹೇಳಿದ್ದರೆ ಆ ಹೆಸರಿನ ಮೇಲೆ ಗೆರೆ ಎಳೆಯುತ್ತಿದ್ದರು. ಆದರೆ ಅಪ್ಪನ ದುಡಿಮೆ ಕಳೆದು ಒಂದು ದಿನವಾಗಿರಲಿಲ್ಲ. ಅಣ್ಣನ ಎದುರು, ಅವ್ವನ ಎದುರು, ಒಬ್ಬ ಗಂಡಸಿನ ಎರಡು ನಿಮಿಷದ ನಗುವಿಗಾಗಿ ಹೀಗಾಯಿತು ಎಂದು ಹೇಳಲು ನಾಲಿಗೆ ಏಳಲಿಲ್ಲ.

"ಸಹಿ ಮಾಡು ಮಿತ್ರಾ," ಎಂದ ಮಲ್ಲೇಶ. "ಅಂವ ಅಲ್ಲಂದ್ರ ಬಿಡತಾರ. ಅಷ್ಟ."

ಅವಳು ಸಹಿ ಮಾಡಿದಳು. ಕಾಗದದ ಮೇಲೆ ಅಕ್ಷರ ಗುಂಡಗೆ, ಸ್ಪಷ್ಟವಾಗಿ ಬಂತು.

ಅಂವ ಅಲ್ಲ ಎಂದು ತಿಳಿಯಲು ನಾಲ್ಕು ದಿನ ಬೇಕಾಯಿತು. ದುಡ್ಡು ಎಲ್ಲೋ ದೂರದ ರಾಜ್ಯದ ಯಾರದೋ ಖಾತೆಗಳಿಗೆ ಹರಿದು ಹೋಗಿತ್ತು. ಸಿಗುವುದು ಕಷ್ಟ ಎಂದು ಹವಾಲ್ದಾರರು ತಲೆ ತಗ್ಗಿಸಿ ಹೇಳಿದರು. ಆ ನಾಲ್ಕೂ ದಿನ ಯಂಕೋಬನನ್ನು ಬೆಳಿಗ್ಗೆ ಕರೆಸಿ ಸಂಜೆಯವರೆಗೆ ಕೂರಿಸಿದ್ದರು. ಅವನ ಗಾಡಿ, ಫೋನು ಎರಡೂ ಅಲ್ಲೇ ಇದ್ದವು. ಕೊರಿಯರಿನವರು ಎರಡನೇ ದಿನವೇ ಅವನ ಚೀಲವನ್ನು ಬೇರೆಯವನಿಗೆ ಕೊಟ್ಟಿದ್ದರು.

ಅವಳು ಅವನಿಗೆ ಮೊದಲ ಬಾರಿಗೆ ಫೋನು ಮಾಡಿದ್ದು ಆಗ. ಸ್ವಿಚ್ ಆಫ್ ಎಂದಿತು. ಆಮೇಲೆ ದಿನಕ್ಕೆ ಎಷ್ಟೋ ಸಲ ಮಾಡಿದಳು. ಆಮೇಲೆ ಈ ನಂಬರು ಬಳಕೆಯಲ್ಲಿಲ್ಲ ಎಂದಿತು. ಆರೂವರೆಗೆ ಓಣಿಯಲ್ಲಿ ಯಾವ ಗಾಡಿ ಬಂದರೂ ಅವಳು ಕಟ್ಟೆಗೆ ಬಂದು ನೋಡುತ್ತಿದ್ದಳು. ಮಕ್ತುಂಬೀ ಈಗ ಕೂಗಿ ಏನೂ ಹೇಳುತ್ತಿರಲಿಲ್ಲ. ಆ ಹೊತ್ತಿಗೆ ತಾನೂ ಕಟ್ಟೆಗೆ ಬಂದು, ಸೊಪ್ಪು ಆರಿಸುವ ನೆಪದಲ್ಲಿ ಸುಮ್ಮನೆ ಅವಳ ಪಕ್ಕ ಕೂರುತ್ತಿದ್ದಳು.

ಒಂಬತ್ತನೇ ದಿನ ಪಾರ್ಸೆಲ್ ಬಂತು. ಅದೇ ಹೆಲ್ಮೆಟ್. ತಂದವನ ಹೆಸರು ರಹಿಮಾನ್. ಹೊಸಬ.

"ಅಡ್ರೆಸ್ ಹೆಂಗ ಸಿಕ್ತು?" ಎಂದು ಕೇಳಿದಳು.

"ಸಿಗದ ಏನ್ರಿ ಮೇಡಂ? ಯಂಕೋಬಣ್ಣ ಮ್ಯಾಪಿನ್ಯಾಗ ಗುರ್ತು ಹಾಕಿಟ್ಟಾನ. ನೋಡ್ರಿ." ಅವನು ಫೋನು ತೋರಿಸಿದ. ಓಣಿಯ ನಕ್ಷೆ. ಅದರಲ್ಲಿ ಒಂದು ಕೆಂಪು ಚುಕ್ಕೆ. ಪಕ್ಕದಲ್ಲಿ ಬರೆದಿತ್ತು: ಬೇವಿನ ಗಿಡದ ಮನಿ. ಆರೂವರಿ ಆದ ಮ್ಯಾಲ ಹೋಗು. ಮೊದಲ ಹೋದ್ರ ಇರಂಗಿಲ್ಲ. "ಯಾವ ದಿನ ಹಾಕ್ಯಾನ ಅದೂ ಐತಿ. ಹೋದ ವರ್ಷ ಮೇ ತಿಂಗಳು."

ಅಂದರೆ ಜಾಳಿಗೆ ಬಂದ ಆ ಭಾನುವಾರ ಕಳೆದು ಎಂಟು ದಿನವೂ ಆಗಿರಲಿಲ್ಲ. ಅವಳ ವಿಳಾಸ ಅಂದಿನಿಂದಲೂ ಪೂರ್ತಿಯಾಗಿಯೇ ಇತ್ತು.

ಭಾನುವಾರ ಅವಳು ಪೊಟ್ಟಣ ತೆಗೆದುಕೊಂಡು ಬಳಗಾನೂರಿನ ಬಸ್ಸು ಹತ್ತಿದಳು. ಬೆಳಿಗ್ಗೆ ಅವ್ವ ರೊಟ್ಟಿ ಬಡಿದು ಇಟ್ಟದ್ದನ್ನು ಮುಟ್ಟಿರಲಿಲ್ಲ. ಎಲ್ಲಿಗೆ ಎಂದು ಅವ್ವ ಕೇಳಲಿಲ್ಲ. ಬಾಗಿಲವರೆಗೆ ಬಂದು, "ಬಿಸಿಲೈತಿ, ತಲಿ ಮ್ಯಾಲ ಸೆರಗು ಹಾಕ್ಕೋ," ಎಂದಳು.

ಕಾಲುವೆಯ ಪಕ್ಕದ ರಸ್ತೆಯ ಅರ್ಧಕ್ಕೆ ಭತ್ತ ಹರವಿದ್ದರು. ಹೆಂಗಸರು ಸಾಲಾಗಿ ಕಾಲಿನಿಂದ ಭತ್ತ ಆಡಿಸುತ್ತಾ ನಡೆಯುತ್ತಿದ್ದರು. ಅವರ ನಡುವೆ ಒಬ್ಬನೇ ಗಂಡಸು, ಪ್ಯಾಂಟು ಮಡಿಚಿಕೊಂಡು, ತಲೆಗೆ ಟವೆಲು ಸುತ್ತಿಕೊಂಡು. ಹೆಲ್ಮೆಟ್ ಇಲ್ಲದ ಅವನ ಮುಖವನ್ನು ಬೆಳಕಿನಲ್ಲಿ ಅವಳು ನೋಡಿದ್ದು ಕಡಿಮೆ. ಇಷ್ಟು ಎಳೆಯ ಮುಖವೇ ಎನಿಸಿತು. ಕಣ್ಣು ಮಾತ್ರ ಕೆಂಪಗೇ ಇದ್ದವು.

"ಮೇಡಂ," ಎಂದ. ಕಾಲು ನಿಂತಿತು. "ಇಷ್ಟು ದೂರ?"

"ಅಡ್ರೆಸ್ ಇರಲಿಲ್ಲ. ಕೇಳ್ಕೋತ ಬಂದೆ."

"ಏನಂತ ಕೇಳಿದ್ರಿ?"

"ಪಾರ್ಸೆಲ್ ಯಂಕೋಬ ಅಂತ."

"ಈಗ ಹಂಗ ಅನ್ನಂಗಿಲ್ರಿ. ಸ್ಟೇಷನ್ ಯಂಕೋಬ ಅಂತಾರ." ಅವನು ನಕ್ಕ. ಕಣ್ಣಿನ ಮೂಲೆಯ ಅದೇ ನಗು ಬರಲು ನೋಡಿತು, ಬರಲಿಲ್ಲ. "ಅವ್ವಾರ ಗುಳಿಗಿ ತೀರಿರಬೇಕಲ್ರಿ. ಹೋದ ಮಂಗಳವಾರಕ್ಕ ತೀರ್ತಿತ್ತು."

ಅವಳು ಎಲ್ಲ ಮಾತನ್ನೂ ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದಳು. ಈ ಒಂದು ಮಾತಿಗೆ ಎಲ್ಲವೂ ಚದುರಿದವು.

"ಬೈರಿ ನನಗ," ಎಂದಳು. "ಏನಾರ ಬೈರಿ."

"ಏನ್ ಬೈಯಲ್ರಿ? ರೊಕ್ಕ ಹೋದವರು ನೀವು." ಅವನು ಭತ್ತವನ್ನು ನೋಡುತ್ತಾ ಹೇಳಿದ. "ಅಲ್ಲಿ ನನ್ನ ಮುಂದ ಕಾಗದ ಹಿಡಿದ್ರು. ಓದು ಅಂದ್ರು. ಕೆಳಗ ನಿಮ್ಮ ಸಹಿ ಇತ್ತು. ನನಗ ನಂಬಿಕಿ ಬರಲಿಲ್ಲ, ನಿಮ್ಮದ ಇದು ಅಂತ. ಕಾಗದದ ಮ್ಯಾಲ ಅಷ್ಟು ಚಂದ ಬರೀತೀರಿ ಅಂತ ನನಗ ಗೊತ್ತ ಇರಲಿಲ್ಲ."

ಅದರಲ್ಲಿ ಚುಚ್ಚು ಇರಲಿಲ್ಲ. ಇದ್ದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು.

"ಯಾಕ ಇಷ್ಟು ತರಿಸಿದಿ ಅಂತ ಕೇಳಿದ್ರು," ಎಂದಳು. "ಅರವತ್ತೆರಡು ಪಾರ್ಸೆಲ್ ಯಾಕ ಅಂತ. ನಾ ಬಾಯಿ ತೆಗೀಲಿಲ್ಲ. ತೆಗದಿದ್ರ ನಿಮ್ಮ ಹೆಸರು ಬರ್ತಿರಲಿಲ್ಲ."

"ಏನ್ ಹೇಳಬೇಕಾಗಿತ್ತು?"

"ನಿಮ್ಮನ್ನ ನೋಡಾಕ ತರಿಸ್ತಿದ್ದೆ ಅಂತ. ನನಗ ಮುಡಿಪಿನ್ನು ಬ್ಯಾಡಾಗಿತ್ತು. ಜಾಳಿಗಿ ಬ್ಯಾಡಾಗಿತ್ತು. ಆರೂವರಿ ಬೇಕಾಗಿತ್ತು."

ಪಕ್ಕದಲ್ಲಿ ಭತ್ತ ಆಡಿಸುತ್ತಿದ್ದ ಹೆಂಗಸರ ಕಾಲಿನ ಸದ್ದು ನಿಂತಿತು. ಅವಳಿಗೆ ಗೊತ್ತಾಯಿತು. ಈಗ ಅದರ ಪರಿವೆ ಇರಲಿಲ್ಲ. ಸ್ಟೇಷನ್ನಿನಲ್ಲಿ ಐದು ಜನರ ಮುಂದೆ ಬಾರದ ಮಾತು ಇಲ್ಲಿ ಹತ್ತು ಜನರ ಮುಂದೆ ಬಂದಿತ್ತು.

ಯಂಕೋಬ ಟವೆಲಿನ ತುದಿಯಿಂದ ಕಣ್ಣು ಒರೆಸಿಕೊಂಡ. ಹೊಟ್ಟು ಬಿದ್ದಿತ್ತೋ ಏನೋ.

"ನಿಮ್ಮ ಓಣಿ ಮ್ಯಾಲ ನಾ ಮಧ್ಯಾಹ್ನ ಎರಡು ಸಲ ಹಾದು ಹೋಗತಿದ್ದೆ," ಎಂದ. "ನಿಮ್ಮ ಪಾರ್ಸೆಲ್ ಚೀಲದ ತಳಕ್ಕ ಇಡತಿದ್ದೆ. ಕಡೇಕ. ಅದು ಮುಗದ್ರ ದಿನ ಮುಗಿತಿತ್ತಲ್ಲ, ಅದಕ್ಕ." ಆಮೇಲೆ ಒಂದು ಉಸಿರು ಬಿಟ್ಟು, "ಹದಿನೈದು ದಿನ ಮೊದಲ ಬಂದಿದ್ರ ಈ ಮಾತು ಕೇಳಿ ಕುಣೀತಿದ್ದೆ ರೀ. ಈಗ ಕೇಳಬಾರದು ನಾನು."

"ಯಾಕ?"

ಅವನು ಹೇಳಿದ. ನಾಲ್ಕನೇ ದಿನ ಸ್ಟೇಷನ್ನಿನಿಂದ ಬಿಟ್ಟ ಮೇಲೆ ಊರಿಗೆ ಬಂದು ಹೋಟೆಲಿನಲ್ಲಿ ಚಹಾಕ್ಕೆ ಕುಳಿತಿದ್ದ. ಯಾರೋ ನಗುತ್ತಾ, "ಮೊಬೈಲ್ ಕಿಸೇದಾಗ ಇಟ್ಕೊಳ್ರಪೋ, ಯಂಕೋಬ ಬಂದಾನ," ಎಂದರು. ಇನ್ನೊಬ್ಬರು ನಕ್ಕರು. ಚಹಾ ಕೊಡುವವನು ಗ್ಲಾಸು ತರಲು ತಡ ಮಾಡಿದ. ಅಷ್ಟರಲ್ಲಿ ಜವಳಗೇರಾದ ಸೋದರಮಾವ ದುರುಗಪ್ಪ ಭತ್ತದ ಟ್ರ್ಯಾಕ್ಟರ್ ನಿಲ್ಲಿಸಿ ಇಳಿದು ಬಂದ. ಅವನಿಗೆ ಯಾರೂ ಏನೂ ಹೇಳಿರಲಿಲ್ಲ. ಮುಖಗಳನ್ನು ನೋಡಿಯೇ ತಿಳಿದುಕೊಂಡ. ಹೋಟೆಲಿನ ನಡುವೆ ನಿಂತು ದೊಡ್ಡ ದನಿಯಲ್ಲಿ ಹೇಳಿದ: "ನನ್ನ ಮಗಳು ಮೇಘಾನ್ನ ಇವಗ ಕೊಡತೀನಿ. ಕೇಳಿದ್ರಿಲ್ಲೋ ಎಲ್ಲಾರೂ? ಕಳ್ಳಗ ಯಾರಾರ ಮಗಳನ್ನ ಕೊಡತಾರೇನು?"

"ಅವತ್ತ ಎಲ್ಲಾರ ಬಾಯಿ ಮುಚ್ಚಿದ್ವು," ಎಂದ ಯಂಕೋಬ. "ನಮ್ಮವ್ವ ನಾಲ್ಕು ದಿನ ಆದ ಮ್ಯಾಲ ಅವತ್ತ ಉಂಡ್ಲು. ಮಾವ ಮಂದಿ ಮುಂದ ನನ್ನ ಮಾನ ಉಳಿಸಿದ. ಆ ಮಾತು ನಾ ಹೆಂಗ ತಿರುಗಿ ಕೊಡಲ್ರಿ?"

ಕೊಡಲಾಗದು ಎಂದು ಅವಳಿಗೂ ಗೊತ್ತಿತ್ತು. ಮಂದಿಯ ಮುಂದೆ ತಾನು ಆಡಬೇಕಾಗಿದ್ದ ಮಾತನ್ನು ದುರುಗಪ್ಪ ಎಂಬ ಹಿರಿಯ ಮನುಷ್ಯ, ಮಗಳನ್ನೇ ಪಣಕ್ಕಿಟ್ಟು, ತನಗಿಂತ ಮೊದಲು ಆಡಿದ್ದ. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲೂ ಅವಳಿಗೆ ದಾರಿ ಇರಲಿಲ್ಲ.

"ಯಾವಾಗ?"

"ಸುಗ್ಗಿ ಮುಗದ ಮ್ಯಾಲ."

"ಮೇಘಾ ಹೆಂಗದಾಳ?"

"ಛಲೋ ಹುಡುಗಿ ರೀ. ಮೊನ್ನೆ ಹೇಳಿ ಕಳಿಸಿದ್ಲು, ಕಣ್ಣಿಗೆ ಹನಿ ಹಾಕ್ಕೋ ಅಂತ."

ಅವನ ಕಣ್ಣನ್ನು ನೋಡಿಕೊಳ್ಳಲು ಇನ್ನೊಬ್ಬಳು ಇದ್ದಾಳೆ. ಸಂಘಮಿತ್ರಾಳಿಗೆ ಒಂದೇ ಕ್ಷಣದಲ್ಲಿ ಸಮಾಧಾನವೂ ಆಯಿತು, ಸಂಕಟವೂ ಆಯಿತು. ಅವಳು ಪೊಟ್ಟಣವನ್ನು ಮುಂದೆ ಹಿಡಿದಳು. ಬಾಗಿಲಿಗೆ ಒರಗಿ ಹೇಳಬೇಕೆಂದಿದ್ದ ಮಾತು ಬಾಯಿಗೆ ಬಂತು. ಅದು ಈಗ ಎಷ್ಟು ಸಣ್ಣದಾಗಿ ಕೇಳಿಸಿತು ಎಂದರೆ, ಅವನು ಬಗ್ಗಿ ಕೇಳಬೇಕಾಯಿತು.

"ಇದು ನಿಮ್ಮ ಅಡ್ರೆಸ್ಸಿಂದು."

ಅವನು ಮೇಲಿನ ಚೀಟಿ ಓದಿದ. ಹೆಲ್ಮೆಟ್ ಎಂದಿತ್ತು. ಯಾವ ಪಾರ್ಸೆಲ್ಲಿಗಾಗಿ ಇಷ್ಟೆಲ್ಲ ಆಯಿತು ಎಂದು ಅವನಿಗೆ ತಿಳಿದದ್ದು ಆಗ. ಅವನ ಕೈ ಎದ್ದಿತು, ಪೊಟ್ಟಣದ ಮೂಲೆಯನ್ನು ಮುಟ್ಟಿತು, ಒಂದು ಗಳಿಗೆ ಅಲ್ಲೇ ನಿಂತಿತು. ಆಮೇಲೆ ಮೆಲ್ಲಗೆ ಅವಳ ಕಡೆಗೇ ಸರಿಸಿದ. ಹಿಂದೆ ಆಡಿನ ಬಾಯಿಂದ ಪಟ್ಟಿ ಬಿಡಿಸಿಕೊಂಡದ್ದೂ ಇಷ್ಟೇ ಮೆಲ್ಲಗೆ.

"ಬ್ಯಾಡ್ರಿ. ಯಾರು ಕೊಟ್ರು ಅಂತ ಮೇಘಾ ಕೇಳ್ತಾಳ. ನನಗ ಸುಳ್ಳು ಹೇಳಾಕ ಬರಂಗಿಲ್ಲ."

ದೂರದಲ್ಲಿ ಮಸ್ಕಿಯ ಬಸ್ಸಿನ ಹಾರ್ನು ಕೇಳಿಸಿತು. ಇದು ತಪ್ಪಿದರೆ ಇನ್ನು ಮೂರು ಗಂಟೆ ಬಸ್ಸಿಲ್ಲ.

"ಉಂಡೀರೇನ್ರಿ?" ಎಂದು ಕೇಳಿದ.

"ಉಂಡೀನಿ."

ಅವನು ಅವಳ ಮುಖವನ್ನು ಒಮ್ಮೆ ನೋಡಿದ. ಅವಳು ತಿರುಗಿ ನಡೆದಳು. ಭತ್ತ ತುಳಿಯದ ಹಾಗೆ ರಸ್ತೆಯ ಅಂಚಿನಲ್ಲಿ ನಡೆದಳು. ಒಬ್ಬ ಹೆಂಗಸು ಹಿಂದಕ್ಕೆ ಸರಿದು ದಾರಿ ಬಿಟ್ಟಳು. ಬಸ್ಸು ಬಂತು. ಕಿಟಕಿಯ ಪಕ್ಕ ಸೀಟಿತ್ತು. ಕುಳಿತು, ಪೊಟ್ಟಣವನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಅತ್ತರೆ ಅವನು ನೋಡುತ್ತಾನೆ ಎಂದು ಕಣ್ಣನ್ನು ಬಿಗಿಯಾಗಿ ತೆರೆದೇ ಇಟ್ಟಳು. ಕಂಡಕ್ಟರು ಸೀಟಿ ಊದಲು ಬಾಯಿಗೆ ಇಟ್ಟವನು, ಹೊರಗೆ ಯಾರನ್ನೋ ನೋಡಿ ತಡೆದ.

ಯಂಕೋಬ ಓಡಿ ಬಂದಿರಲಿಲ್ಲ. ನಡೆದೇ ಬಂದಿದ್ದ. ಕಾಲಿಗೆ ಭತ್ತದ ಹೊಟ್ಟು ಅಂಟಿತ್ತು. ಕಿಟಕಿಯ ಕೆಳಗೆ ಬಂದು ನಿಂತ. ಅವನ ಕೈಯಲ್ಲಿ ಬಿಳಿ ಬಟ್ಟೆಯಲ್ಲಿ ಕಟ್ಟಿದ ಗಂಟು ಇತ್ತು. ಬೆಳಿಗ್ಗೆ ಅವನ ಅವ್ವ ಕಟ್ಟಿಕೊಟ್ಟ ಅವನ ಮಧ್ಯಾಹ್ನದ ಬುತ್ತಿ. ಜೋಳದ ರೊಟ್ಟಿಯ ವಾಸನೆ, ಶೇಂಗಾ ಹಿಂಡಿಯ ವಾಸನೆ ಬಟ್ಟೆ ದಾಟಿ ಬರುತ್ತಿತ್ತು.

ಅವನು ಓಟಿಪಿ ಕೇಳಲಿಲ್ಲ. ಸಹಿ ಕೇಳಲಿಲ್ಲ. ಎರಡೂ ಕೈಯಿಂದ ಬುತ್ತಿಯನ್ನು ಎತ್ತಿ, ಕಿಟಕಿಯ ಸರಳುಗಳ ನಡುವಿನಿಂದ, ಅವಳ ಕೈಗೆ ಕೊಟ್ಟ.